ಜಿನ್ಸೆಂಗ್ ಬೇರಿನ ಸಕ್ರಿಯ ಅಂಶಗಳನ್ನು ದೇಹ ಹೇಗೆ ಹೀರಿಕೊಳ್ಳುತ್ತದೆ?

ಕೊರಿಯಾ ಮತ್ತು ಈಶಾನ್ಯ ಚೀನಾದಲ್ಲಿ ಬೆಳೆಯುವ ಜಿನ್ಸೆಂಗ್ ಬೇರಿನ ಮುಖ್ಯ ಸಕ್ರಿಯ ಅಂಶಗಳು ಜಿನ್ಸೆನೊಸೈಡ್‌ಗಳೆಂಬ ಸಪೋನಿನ್‌ಗಳು, ಅಂದರೆ ಸಕ್ಕರೆ ಘಟಕಗಳು ಅಂಟಿಕೊಂಡಿರುವ ಸಸ್ಯ ಸಂಯುಕ್ತಗಳು. ಇವು ಬೇರಿನಲ್ಲಿರುವ ರೂಪದಲ್ಲೇ ರಕ್ತಕ್ಕೆ ಸೇರುವುದು ಅತ್ಯಲ್ಪ. ಬಹುಪಾಲು ಕೆಲಸವನ್ನು ಮಾಡುವುದು ನಮ್ಮ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು.

ಆರ್‌ಬಿ1 ಎಂಬ ಜಿನ್ಸೆನೊಸೈಡನ್ನೇ ನೋಡೋಣ. ಅದರ ಸ್ಟಿರಾಯ್ಡ್‌ನಂಥ ಚೌಕಟ್ಟಿಗೆ ನಾಲ್ಕು ಗ್ಲೂಕೋಸ್ ಘಟಕಗಳು ಅಂಟಿಕೊಂಡಿರುವುದರಿಂದ ಅಣುವಿನ ತೂಕ ಸುಮಾರು 1,109 ಡಾಲ್ಟನ್‌ಗಳಷ್ಟಾಗಿ (ಡಾಲ್ಟನ್ ಎಂದರೆ ಅಣುಗಳ ತೂಕದ ಮಾನ), ಕೊಬ್ಬಿನಂಶದಿಂದಾದ ಕರುಳಿನ ಜೀವಕೋಶಪೊರೆಯನ್ನು ದಾಟುವುದು ಅದಕ್ಕೆ ಕಷ್ಟವಾಗುತ್ತದೆ. ಬ್ಯಾಕ್ಟೀರಿಯಾಗಳ ಬೀಟಾ-ಗ್ಲುಕೋಸಿಡೇಸ್ ಕಿಣ್ವಗಳು ಈ ಸಕ್ಕರೆಗಳನ್ನು ಒಂದೊಂದಾಗಿ ಕಳಚುತ್ತವೆ: ಆರ್‌ಬಿ1 ಮೊದಲು ಆರ್‌ಡಿ, ಬಳಿಕ ಎಫ್2, ಕೊನೆಗೆ ಒಂದೇ ಗ್ಲೂಕೋಸ್ ಉಳಿದಿರುವ 'ಕಾಂಪೌಂಡ್ ಕೆ' ಆಗುತ್ತದೆ. ಸುಮಾರು 623 ಡಾಲ್ಟನ್ ತೂಕದ ಈ ಅಣು ಹೆಚ್ಚು ಸುಲಭವಾಗಿ ರಕ್ತಕ್ಕೆ ಇಳಿಯುತ್ತದೆ. ಈ ಪರಿವರ್ತನೆ ದೊಡ್ಡ ಕರುಳಿನಲ್ಲೇ ಹೆಚ್ಚಾಗಿ ನಡೆಯುವುದರಿಂದ, ರಕ್ತದಲ್ಲಿ ಅದರ ಮಟ್ಟ ಏರಲು ಹಲವು ಗಂಟೆಗಳು ಬೇಕು.

ಕರುಳಿನ ಬ್ಯಾಕ್ಟೀರಿಯಾಗಳು ಎಲ್ಲರಲ್ಲೂ ಒಂದೇ ತೆರನಾಗಿರುವುದಿಲ್ಲವಾದ್ದರಿಂದ, ಒಂದೇ ಪ್ರಮಾಣ ಸೇವಿಸಿದ ಇಬ್ಬರ ರಕ್ತದಲ್ಲಿ ಕಾಣುವ ಮಟ್ಟ ಬಹಳ ಬೇರೆಯಾಗಬಹುದು; ಆ್ಯಂಟಿಬಯಾಟಿಕ್ ಸೇವಿಸುತ್ತಿರುವವರಲ್ಲಿ ಈ ಪರಿವರ್ತನೆಯೇ ಕುಗ್ಗಬಹುದು. ಹುದುಗಿಸಿದ ಜಿನ್ಸೆಂಗ್ ತಯಾರಿಸುವುದರ ತರ್ಕವೂ ಇದೇ, ಕಳಚುವ ಕೆಲಸವನ್ನು ಮೊದಲೇ ಮುಗಿಸಿಕೊಡುವುದು. ಹಾಗಾಗಿ ಡಬ್ಬಿಯ ಮೇಲಿನ ಮಿಲಿಗ್ರಾಂ ಲೆಕ್ಕ ದೇಹಕ್ಕೆ ಸೇರಿದ ಪ್ರಮಾಣವನ್ನು ಹೇಳುವುದಿಲ್ಲ.

'ಭಾರತೀಯ ಜಿನ್ಸೆಂಗ್' ಎಂದು ಮಾರಾಟವಾಗುವ ಅಶ್ವಗಂಧಕ್ಕೆ ಈ ವಿವರಣೆ ಅನ್ವಯಿಸದು; ಅದು ಬದನೆಯ ಕುಟುಂಬದ ಸಸ್ಯ, ಅದರಲ್ಲಿರುವುದು ವಿಥನೋಲೈಡ್‌ಗಳೆಂಬ ಬೇರೆಯೇ ಸಂಯುಕ್ತಗಳು. ವಾರ್ಫರಿನ್‌ನಂಥ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ ಸೇವಿಸುವವರು ವೈದ್ಯರನ್ನು ಕೇಳದೆ ಜಿನ್ಸೆಂಗ್ ತೆಗೆದುಕೊಳ್ಳಬಾರದು.