ಡ್ಯಾಮ್ ತುಂಬಿದ್ರೆ ಸಾಕಾ? ನೀರಾವರಿ ಯೋಜನೆ ಚೆನ್ನಾಗಿ ನಡೀತಿದ್ಯಾ ಅಂತ ಹೇಗೆ ಅಳೀಬೇಕು?

ಡ್ಯಾಮ್ ತುಂಬಿದೆ, ಕಾಲುವೆಗೆ ಲೆಕ್ಕದ ಪ್ರಕಾರ ನೀರು ಬಿಟ್ಟಿದ್ದಾರೆ, ಒಟ್ಟು ಇಳುವರಿನೂ ಚೆನ್ನಾಗಿದೆ, ಹಾಗಾದ್ರೆ ನೀರಿನ ನಿರ್ವಹಣೆ ಚೆನ್ನಾಗಿದೆ ಅಂತ ಪ್ರಾಜೆಕ್ಟ್ ರಿಪೋರ್ಟಲ್ಲಿ ಬರೀಬಹುದಾ ಅಂತ ಕೇಳಿದೀರಿ. ದಯವಿಟ್ಟು ಬರೀಬೇಡಿ. ನಾನು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದವನು, ಮಾನ್ವಿ ಕಡೆ, ಅದನ್ನೇ ಇಟ್ಕೊಂಡು ಹೇಳ್ತೀನಿ.

ಈ ಕಾಲುವೆ 227 ಕಿಲೋಮೀಟರ್ ಉದ್ದ, ಅಚ್ಚುಕಟ್ಟು, ಅಂದ್ರೆ ಇದರಿಂದ ನೀರು ಸಿಗಬೇಕಾದ ಜಮೀನು, ಆರು ಲಕ್ಷ ಎಕರೆ ಹತ್ರ. ಯೋಜನೆ ಮಾಡಿದಾಗ ಹೆಚ್ಚಿನ ಜಮೀನಿಗೆ ಜೋಳ, ಹತ್ತಿ, ಶೇಂಗಾ ಥರದ ಕಮ್ಮಿ ನೀರಿನ ಬೆಳೆ ಅಂತಾನೇ ನಿಗದಿ ಮಾಡಿದ್ರು, ಆದ್ರೆ ನಮಗಿಂತ ಮೇಲಿರೋ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಕಣ್ಣು ಹಾಯಿಸಿದಷ್ಟೂ ಭತ್ತ. ಭತ್ತಕ್ಕೆ ಸುಮಾರು 1,200 ಮಿಲಿಮೀಟರ್ ನೀರು ಬೇಕು, ಜೋಳಕ್ಕೆ 500ರ ಆಸುಪಾಸು ಸಾಕು, ಅಂದ್ರೆ ಮೇಲೆ ಒಂದು ಎಕರೆ ಭತ್ತ ಹಾಕಿದ್ರೆ ಕೆಳಗೆ ಎರಡು ಎಕರೆ ಒಣಗುತ್ತೆ. ಅದ್ರ ಜೊತೆ ಹೂಳು ಬೇರೆ, 133 ಟಿಎಂಸಿ ಇದ್ದ ಡ್ಯಾಮಲ್ಲಿ ಈಗ 105 ಚಿಲ್ಲರೆ ಟಿಎಂಸಿ ಹಿಡಿಯುತ್ತೆ.

ಈಗ ಅಳೆಯೋ ವಿಷಯ. ಮೋಲ್ಡನ್ ಮತ್ತು ಗೇಟ್ಸ್ ಅನ್ನೋ ನೀರಾವರಿ ಸಂಶೋಧಕರು 1990ರಲ್ಲಿ ಕೊಟ್ಟ ವಿಧಾನ ಇವತ್ತಿಗೂ ಬಳಕೆಯಲ್ಲಿದೆ. ಪ್ರತಿ ಉಪಕಾಲುವೆಗೂ, ಹತ್ತತ್ತು ದಿನಕ್ಕೆ, ಬಂದ ನೀರನ್ನ ಬೇಕಾದ ನೀರಿಂದ ಭಾಗಿಸ್ಬೇಕು. ಮೇಲಿನ ಅರ್ಧಕ್ಕೆ 1.4, ಕೆಳಗಿನ ಅರ್ಧಕ್ಕೆ 0.6 ಬಂತು ಅನ್ಕೊಳ್ಳಿ, ಸರಾಸರಿ 1, ಕಾಗದದ ಮೇಲೆ ಎಲ್ಲಾ ಸರಿ! ಅದಕ್ಕೇ ಅವರ ವಿಧಾನದಲ್ಲಿ ನೀರು ಸಾಕಾಯ್ತಾ ಅಂತ ನೋಡುವಾಗ 1ಕ್ಕಿಂತ ಜಾಸ್ತಿ ಬಂದಿದ್ದನ್ನೂ 1 ಅಂತಾನೇ ಹಿಡೀತಾರೆ, ಮೇಲಿನವರಿಗೆ ಹೆಚ್ಚಾಗಿದ್ದು ಕೆಳಗಿನವರ ಕೊರತೆನ ಮುಚ್ಚಬಾರದು ಅಂತ. ಆಗ ಅದೇ ಲೆಕ್ಕ 0.8ಕ್ಕೆ ಇಳಿಯುತ್ತೆ. ಆಮೇಲೆ ಉಪಕಾಲುವೆಗಳ ಅಂಕಿ ಸರಾಸರಿಯಿಂದ ಎಷ್ಟು ಆಚೀಚೆ ಇದೆ ಅಂತ ನೋಡ್ಬೇಕು (ಸ್ಟ್ಯಾಂಡರ್ಡ್ ಡೀವಿಯೇಶನ್‌ನ ಸರಾಸರಿಯಿಂದ ಭಾಗಿಸಿ), ಈ ಉದಾಹರಣೇಲಿ ಅದು 0.4, ಅವರ ಪ್ರಕಾರ 0.25 ದಾಟಿದ್ರೇ ಹಂಚಿಕೆ ಕೆಟ್ಟದ್ದು.

ಆದ್ರೆ ಸೂತ್ರಕ್ಕೆ ಹಾಕೋ ಅಂಕಿನೇ ತಪ್ಪಾಗಿದ್ರೆ? ನಮ್ಮ ಕಡೆ ಎಲ್ಲಾ ಜಗಳ ಗೇಜ್ ಮೇಲೇ, 69ನೇ ಮೈಲಲ್ಲಿ ಎಷ್ಟು ಅಡಿ, 104ನೇ ಮೈಲಲ್ಲಿ ಎಷ್ಟು ಅಡಿ ಅಂತ. ಗೇಜ್ ತೋರಿಸೋದು ನೀರಿನ ಎತ್ತರ ಅಷ್ಟೇ, ಎಷ್ಟು ಕ್ಯೂಸೆಕ್ ಹರೀತಿದೆ ಅಂತ ಟೇಬಲ್ ನೋಡಿ ಹೇಳೋದು. ಕಾಲುವೇಲಿ ಹೂಳು ಕೂತು ಜೊಂಡು ಬೆಳೆದ್ರೆ ನೀರು ನಿಧಾನ ಆಗಿ ಎತ್ತರ ಹಾಗೇ ನಿಲ್ಲುತ್ತೆ, ಗೇಜಲ್ಲಿ ಅಷ್ಟೇ ಅಡಿ ಇರುತ್ತೆ ಆದ್ರೆ ಹರಿಯೋ ನೀರು ಕಮ್ಮಿ. ಹಾಗಾಗಿ ಕೊಟ್ಟ ರಿಜಿಸ್ಟರ್ ಕಾಪಿ ಮಾಡ್ಕೊಂಡು ಬರೋದಲ್ಲ, ಕರೆಂಟ್ ಮೀಟರ್ (ವಿದ್ಯುತ್ತಿನದ್ದಲ್ಲ, ನೀರು ಹರಿಯೋ ವೇಗ ಅಳೆಯೋ ಸಾಧನ) ಇಳಿಸಿ ಕೆಲವು ಕಡೆಯಾದ್ರೂ ನೀವೇ ಅಳೆದು ನೋಡಿ. ಕಾಲುವೆ ದಂಡೆ ಮೇಲೆ ಒಂದಷ್ಟು ದೂರ ನಡೀರಿ, ಎಷ್ಟು ಪೈಪು, ಎಷ್ಟು ಪಂಪ್‌ಸೆಟ್ ನೇರವಾಗಿ ಕಾಲುವೆಗೇ ಇಳಿಸಿದ್ದಾರೆ ಅಂತ ಗೊತ್ತಾಗುತ್ತೆ, ಅದ್ಯಾವುದೂ ರಿಜಿಸ್ಟರಲ್ಲಿ ಇರಲ್ಲ.

ಇನ್ನೊಂದು, ನೀರು ಎಷ್ಟು ಬಂತು ಅನ್ನೋದರಷ್ಟೇ ಯಾವಾಗ ಬಂತು ಅನ್ನೋದೂ ಮುಖ್ಯ. ಹತ್ತಿ ಕಾಯಿ ಕಟ್ಟುವಾಗ ನೀರಿಲ್ದೆ ಆಮೇಲೆ ತುಂಬಿ ಹರಿದ್ರೆ ಒಟ್ಟು ಲೆಕ್ಕ ಸರಿಹೋಗುತ್ತೆ, ಬೆಳೆ ಹೋಗಿರುತ್ತೆ. ನೀರು ಬರುತ್ತೋ ಇಲ್ವೋ ಗೊತ್ತಿಲ್ದೆ ಗೊಬ್ಬರಕ್ಕೆ ಸಾಲ ಮಾಡ್ಬೇಕಾ ಬೇಡ್ವಾ ಅಂತ ಕೂರೋ ರೈತನ ಕಷ್ಟ ಯಾವ ಸರಾಸರಿಯಲ್ಲೂ ಕಾಣಲ್ಲ. ಮೇಲ್ಭಾಗದಲ್ಲಿ ಹೆಚ್ಚು ನೀರು ನಿಂತು ಸವಳು ಜವಳು ಆದ ಜಮೀನನ್ನೂ ಲೆಕ್ಕಕ್ಕೆ ತಗೊಳ್ಳಿ, ಅದೂ ನಷ್ಟನೇ.

ಸೆಂಟಿನೆಲ್-2 ಸ್ಯಾಟಲೈಟ್ ಚಿತ್ರ ಫ್ರೀ ಸಿಗುತ್ತೆ, 10 ಮೀಟರ್ ಮಟ್ಟದಲ್ಲಿ ಮೇಲೆ ಕೆಳಗೆ ಹಸಿರು ಎಷ್ಟಿದೆ ಅಂತ ಹೋಲಿಸ್ಬಹುದು. ಆದ್ರೆ ಮುಂಗಾರಿನ ಚಿತ್ರ ಒಂದನ್ನೇ ನಂಬಬೇಡಿ, ಮೋಡ ಅಡ್ಡ ಬರುತ್ತೆ, ಮಳೆನೂ ಕಾಲುವೆ ಕೊರತೆನ ಮುಚ್ಚಿಹಾಕುತ್ತೆ. ಎರಡನೇ ಬೆಳೆಗೆ ನೀರು ಬಿಟ್ಟ ವರ್ಷ ನೋಡ್ಕೊಂಡು ಫೆಬ್ರವರಿ, ಮಾರ್ಚ್ ಚಿತ್ರದಿಂದ ಶುರು ಮಾಡಿ.