ಉಗುರು ಕತ್ತರಿಸಿಕೊಡುವ ಹುಡುಗಿಗೆ ಮಾತ್ರ ಗೊತ್ತು

ಅಕ್ಕಾ, ನನಗೆ 57 ವರ್ಷ. ಕೊಡಗಿನ ನಾಪೋಕ್ಲು ಕಡೆ ಆರು ಎಕರೆ ರೋಬಸ್ಟಾ ಕಾಫಿ ತೋಟ. ಮನೆಯಲ್ಲಿ ಯಜಮಾನರು, 84 ವರ್ಷದ ಅತ್ತೆ ಮತ್ತು ನಾನು. ಮಗಳು ಬೆಂಗಳೂರಿನಲ್ಲಿದ್ದಾಳೆ. ಮೇ ಎರಡನೇ ವಾರ ಅವಳ ಮದುವೆ. ಮೂರು ವರ್ಷದಿಂದ ನನಗೆ ಬಲಗಾಲು ನೋವು. ಮಂಡಿ ನೋವು ಅಂದುಕೊಂಡು ಎಣ್ಣೆ ಹಚ್ಚಿದೆ, ಮಂಡಿಗೇ ಎಕ್ಸ್‌ರೇ ತೆಗೆಸಿದೆ. ಹೋದ ತಿಂಗಳು ಮೈಸೂರಿನ ಡಾಕ್ಟರು ಸೊಂಟದ ಎಕ್ಸ್‌ರೇ ನೋಡಿ, ಕೀಲು ಪೂರ್ತಿ ಸವೆದಿದೆ, ಬದಲಾಯಿಸಬೇಕು ಎಂದರು. ಮನೆಯಲ್ಲಿ 'ಸ್ವಲ್ಪ ಸವೆದಿದೆಯಂತೆ, ಮಾತ್ರೆ ಕೊಟ್ಟಿದ್ದಾರೆ' ಅಂತಷ್ಟೇ ಹೇಳಿದ್ದೇನೆ. ಬಗ್ಗಿ ಕಾಲಿನ ಉಗುರು ಕತ್ತರಿಸಲಾಗದೆ ಎಂಟು ತಿಂಗಳಾಯಿತು. ತೋಟದ ಕೆಲಸದವರ ಲೈನ್‌ಮನೆಯ ಹುಡುಗಿ ಬಂದು ಕತ್ತರಿಸಿಕೊಡುತ್ತಾಳೆ, ಯಾರಿಗೂ ಹೇಳಬೇಡ ಎಂದಿದ್ದೇನೆ. ಕೈಲ್ ಮುಹೂರ್ತ ಹಬ್ಬದ ದಿನ ದೊಡ್ಡಪ್ಪನ ಕಾಲು ಹಿಡಿಯಲು ಬಗ್ಗಲಾಗದೆ ಕೈ ಮುಗಿದೆ. 'ಇವಳಿಗೆ ಜಂಬ ಬಂದಿದೆ' ಎಂದರಂತೆ. ಮದುವೆ ಮುಗಿಸಿ ಜೂನ್‌ನಲ್ಲಿ ಆಪರೇಷನ್ ಮಾಡಿಸಿಕೊಂಡರೆ ಆಗದೇ? ಈಗಲೇ ಮಾಡಿಸಿದರೆ ಗಂಡಿನ ಕಡೆಯವರು ಏನೆಂದುಕೊಳ್ಳುತ್ತಾರೋ. ಕೊಯ್ಲನ್ನು ಯಾರು ನೋಡಿಕೊಳ್ಳುತ್ತಾರೋ. ಇನ್ನೊಂದು ಸಣ್ಣ ಪ್ರಶ್ನೆ, ನಗಬೇಡಿ: ಆಮೇಲೆ ವಾಲಗಕ್ಕೆ ಕುಣಿಯಬಹುದಾ?

* * *

ತಂಗಿ, ಉಗುರಿನ ಸಾಲು ಓದಿದಾಗ ಮೊದಲು ನಗು ಬಂತು. ಎರಡನೇ ಸಲ ಓದಿದಾಗ ಬರಲಿಲ್ಲ. ಆರು ವರ್ಷದ ಹಿಂದೆ ನನ್ನ ಕಥೆಯೂ ಇದೇ. ನನ್ನದು ಎಡ ಸೊಂಟ. ಲೈನ್‌ಮನೆ ಹುಡುಗಿ ಇರಲಿಲ್ಲ. ಕೋಣೆಗೆ ಚಿಲಕ ಹಾಕಿ, ಕುರ್ಚಿಯ ಅಂಚಿನಲ್ಲಿ ಕೂತು, ಮಂಡಿಯನ್ನು ಹಿಂದಕ್ಕೆ ಮಡಚಿ, ಕನ್ನಡಿಯಲ್ಲಿ ನೋಡಿಕೊಂಡು ಉಗುರು ಕತ್ತರಿಸುತ್ತಿದ್ದೆ. ಒಂದು ಸಲ ಬೆರಳನ್ನೇ ಕತ್ತರಿಸಿಕೊಂಡೆ. ರಕ್ತ ನೋಡಿ ಯಜಮಾನರು ಕೇಳಿದರೆ ಜಿಗಣೆ ಕಚ್ಚಿತು ಎಂದೆ. ಫೆಬ್ರವರಿ ತಿಂಗಳು, ಜಿಗಣೆ ಎಲ್ಲಿಂದ ಬರಬೇಕು? ಅವರೂ ನಂಬಿದಂತೆ ಸುಮ್ಮನಾದರು.

ನಾನು ಡಾಕ್ಟರಲ್ಲ, ಅವರ ಕತ್ತರಿಗೆ ಮೈ ಕೊಟ್ಟು ಎದ್ದು ಬಂದವಳು. ಅಷ್ಟರ ಅಳತೆಯಲ್ಲೇ ಈ ಉತ್ತರವನ್ನು ತೆಗೆದುಕೊಳ್ಳಿ.

ಮೊದಲು ಜೂನ್ ವಿಷಯ. ಜೂನ್ ಬೇಡ. ಆಪರೇಷನ್‌ಗೆ ಯಾವ ತಿಂಗಳಾದರೂ ಒಂದೇ. ಆದರೆ ಮನೆಗೆ ಬಂದು ವಾಕರ್ ಹಿಡಿದು ನಡೆಯಬೇಕಾದವರು ನೀವು. ಜೂನ್, ಜುಲೈಯಲ್ಲಿ ನಿಮ್ಮ ಅಂಗಳ ಹೇಗಿರುತ್ತೆ ಅಂತ ನಾನು ಹೇಳಬೇಕಾ? ಪಾಚಿ ಕಟ್ಟಿದ ಕಲ್ಲು, ದಿನಗಟ್ಟಲೆ ಕರೆಂಟಿಲ್ಲ, ಮರ ಬಿದ್ದರೆ ರೋಡೂ ಇಲ್ಲ. ಹೊಸ ಕೀಲು ಹಾಕಿಸಿಕೊಂಡವರು ದಿನಕ್ಕೆ ನಾಲ್ಕೈದು ಸಲ ನಡೆಯಬೇಕು. ಹೊಲಿಗೆ ಕಡೆ ಕೆಂಪಾಗಿ ಜ್ವರ ಬಂದರೆ, ಅಥವಾ ಕಾಲು ಊದಿ ರಕ್ತ ಹೆಪ್ಪುಗಟ್ಟಿದ ಅನುಮಾನ ಬಂದರೆ, ಅವತ್ತೇ ಆಸ್ಪತ್ರೆಗೆ ಓಡಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಅದು ಆಗುವ ಮಾತಲ್ಲ.

ನಿಮ್ಮ ಪತ್ರ ಬಂದದ್ದು ಅಕ್ಟೋಬರ್ ಮಧ್ಯದಲ್ಲಿ, ಕಾವೇರಿ ಸಂಕ್ರಮಣದ ವಾರ. ಡಾಕ್ಟರು ಒಪ್ಪಿದರೆ ನವೆಂಬರ್ ಮೊದಲ ವಾರ ಮಾಡಿಸಿಬಿಡಿ. ಸಾಮಾನ್ಯವಾಗಿ ಮಾರನೇ ದಿನವೇ ಎಬ್ಬಿಸಿ ನಿಲ್ಲಿಸುತ್ತಾರೆ. ಮೂರು, ನಾಲ್ಕು ಅಥವಾ ಐದು ದಿನಕ್ಕೆ ಮನೆಗೆ ಕಳಿಸುತ್ತಾರೆ. ಒಂದೂವರೆ ತಿಂಗಳಿಂದ ಮೂರು ತಿಂಗಳೊಳಗೆ ಹೆಚ್ಚಿನವರು ಕೋಲು ಬಿಡುತ್ತಾರೆ. ನಿಮ್ಮದು ರೋಬಸ್ಟಾ, ಕೊಯ್ಲು ಹತ್ತುವುದು ಜನವರಿಯಲ್ಲಿ. ಆ ಹೊತ್ತಿಗೆ ಕಣದ ಪಕ್ಕ ಎತ್ತರದ ಕುರ್ಚಿ ಹಾಕಿಸಿಕೊಂಡು ಚೀಲ ತೂಗಿಸಬಹುದು, ಲೆಕ್ಕ ಬರೆಯಬಹುದು. ಇಳಿಜಾರಿನಲ್ಲಿ ಗಿಡದ ಸಾಲಿನೊಳಗೆ ಮಾತ್ರ ಇಳಿಯಬೇಡಿ. ಬೇಗ ಕೊಯ್ಲಿಗೆ ಬರುವ ಅರೇಬಿಕಾ ಆಗಿದ್ದರೆ ನಾನು ಇಷ್ಟು ಧೈರ್ಯವಾಗಿ ನವೆಂಬರ್ ಅನ್ನುತ್ತಿರಲಿಲ್ಲ.

ಈ ಲೆಕ್ಕದಲ್ಲಿ ನಮ್ಮ ಸುಗ್ಗಿ ಹಬ್ಬ ಹುತ್ತರಿ ತಪ್ಪುತ್ತೆ. ರಾತ್ರಿ ಹೊತ್ತು ಗದ್ದೆ ಬದುವಿನ ಮೇಲೆ ವಾಕರ್ ತಳ್ಳಿಕೊಂಡು ಕದಿರು ತೆಗೆಯಲು ಹೋಗೋಕಾಗಲ್ಲ. 'ಪೊಲಿ ಪೊಲಿ ದೇವಾ' ಕೂಗು ಗದ್ದೆಯಿಂದ ಮನೆವರೆಗೂ ಕೇಳುತ್ತೆ, ಆ ಒಂದು ವರ್ಷ ನಾನೂ ಜಗಲಿಯಲ್ಲಿ ಕೂತೇ ಕೇಳಿದೆ. ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ.

ಮಂಡಿಗೆ ಎಣ್ಣೆ ಹಚ್ಚಿದ್ದಕ್ಕೆ ನಾಚಿಕೆ ಬೇಡ. ಸೊಂಟದ ಕೀಲಿನ ನೋವು ಬಹಳ ಮೋಸದ್ದು. ಕೀಲು ಇರುವುದು ಒಳಗೆ, ತೊಡೆಸಂದಿನ ಹಿಂದೆ. ನೋವು ತೊಡೆಸಂದಿಯಲ್ಲಿ ಕಾಣಿಸುತ್ತೆ, ತೊಡೆ ಮುಂದೆ ಇಳಿಯುತ್ತೆ, ಕೆಲವರಿಗೆ ಮಂಡಿಯಲ್ಲಿ ಮಾತ್ರ ಕಾಣಿಸುತ್ತೆ. ಸಾಕ್ಸ್ ಹಾಕಲಾಗದ್ದು, ಉಗುರು ಕತ್ತರಿಸಲಾಗದ್ದು ಇದರದ್ದೇ ಗುರುತು. ತೊಡೆ ಮೂಳೆಯ ತುದಿಯಲ್ಲಿ ಚೆಂಡಿನಂಥ ಗುಂಡು ಇರುತ್ತೆ, ಸೊಂಟದ ಮೂಳೆಯಲ್ಲಿ ಅದಕ್ಕೆ ಬಟ್ಟಲು. ಎರಡರ ನಡುವಿನ ನುಣುಪಾದ ಮೆತ್ತೆ ಸವೆದ ಮೇಲೆ ಮೂಳೆಗೆ ಮೂಳೆ ಉಜ್ಜುತ್ತೆ. ಆಪರೇಷನ್‌ನಲ್ಲಿ ಆ ಗುಂಡನ್ನು ತೆಗೆದು, ಲೋಹದ ಕಾಂಡದ ಮೇಲೆ ಲೋಹದ್ದೋ ಸೆರಾಮಿಕ್‌ದೋ ಗುಂಡು ಕೂರಿಸುತ್ತಾರೆ. ಬಟ್ಟಲಿಗೆ ಹೊಸ ಒಳಪದರ ಹಾಕುತ್ತಾರೆ, ಹೆಚ್ಚಾಗಿ ಗಟ್ಟಿ ಪ್ಲಾಸ್ಟಿಕ್‌ದು.

ಅತ್ತೆಗೆ ಗೊತ್ತಾದರೆ ಇದೆಲ್ಲ ಈಗಿನ ಕಾಲದ ಹುಚ್ಚು ಅನ್ನಬಹುದು, ನನ್ನ ಅತ್ತೆ ಅಂದಿದ್ದರು. ಇಂಗ್ಲೆಂಡಿನ ಜಾನ್ ಚಾರ್ನ್ಲಿ ಎಂಬ ಡಾಕ್ಟರು ಇವತ್ತಿನ ಈ ಬಗೆಯ ಕೀಲನ್ನು ರೂಢಿಗೆ ತಂದದ್ದು 1962ರಲ್ಲಿ. ನಿಮ್ಮ ಅತ್ತೆ ಸೊಸೆಯಾಗಿ ಬಂದ ಕಾಲಕ್ಕೇ ಇದೂ ಬಂತು ಅಂತ ಹೇಳಿ. ಕಕ್ಕಡ ತಿಂಗಳ ಹದಿನೆಂಟನೇ ದಿನದ ಮದ್ದುಸೊಪ್ಪಿನ ಪಾಯಸ ತಿಂದರೆ ಸರಿಹೋಗುತ್ತೆ ಅಂತಲೂ ಅನ್ನಬಹುದು. ನಾನು ಪ್ರತಿ ವರ್ಷ ತಿನ್ನುತ್ತೇನೆ, ರುಚಿಯಾಗಿರುತ್ತೆ. ಸವೆದ ಕೀಲು ಅದರಿಂದ ಬೆಳೆಯಲ್ಲ.

'ಹತ್ತು ವರ್ಷಕ್ಕೆ ಮತ್ತೆ ಬಿಚ್ಚಬೇಕು' ಅಂತ ಹೆದರಿಸುವವರೂ ಸಿಗುತ್ತಾರೆ. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದರ ದೊಡ್ಡ ಲೆಕ್ಕ ಬಂದಿತ್ತು. ಹಾಕಿಸಿಕೊಂಡ ನೂರು ಸೊಂಟದ ಕೀಲುಗಳಲ್ಲಿ ಸುಮಾರು 58 ಕೀಲು 25 ವರ್ಷ ಬಾಳಿವೆ. ನಿಮಗೆ 57, ಕೂಡಿಸಿ ನೋಡಿ. ಅಪಾಯವೇ ಇಲ್ಲ ಅಂತಲ್ಲ. ನೂರರಲ್ಲಿ ಒಬ್ಬಿಬ್ಬರಿಗೆ ಸೋಂಕು ತಗಲುತ್ತೆ, ಕೆಲವರಿಗೆ ಗುಂಡು ಜಾರುತ್ತೆ, ಕಾಲಿನ ಉದ್ದದಲ್ಲಿ ಸ್ವಲ್ಪ ವ್ಯತ್ಯಾಸ ಆಗಬಹುದು. ಡಾಕ್ಟರ ಮುಂದೆ ಕೂತು ಇವನ್ನು ಒಂದೊಂದಾಗಿ ಕೇಳಿ. ಕೇಳಿದ್ದಕ್ಕೆ ಸಿಡುಕುವ ಡಾಕ್ಟರಾದರೆ ಬೇರೆಯವರನ್ನು ನೋಡಿ.

ಆದರೆ ತಂಗಿ, ಕೀಲಿಗಿಂತ ಜಾಸ್ತಿ ನನ್ನನ್ನು ಚುಚ್ಚಿದ್ದು ಬೇರೆ. ನಿಮ್ಮ ನೋವು ಎಷ್ಟು ಅಂತ ಮನೆಯಲ್ಲಿ ಒಬ್ಬರಿಗೂ ಗೊತ್ತಿಲ್ಲ, ಅಲ್ವಾ? ಯಜಮಾನರಿಗೆ ಗೊತ್ತಿಲ್ಲ, ಮಗಳಿಗೆ ಗೊತ್ತಿಲ್ಲ. ಗೊತ್ತಿರುವುದು ದಿನಗೂಲಿಯ ಒಬ್ಬ ಹುಡುಗಿಗೆ, ಅವಳ ಬಾಯಿಗೂ ಬೀಗ ಹಾಕಿದ್ದೀರಿ. ಮದುವೆಗೆ ಮೊದಲೋ ಆಮೇಲೋ ಅಂತ ನನ್ನನ್ನು ಕೇಳುತ್ತಿದ್ದೀರಿ. ಇದನ್ನು ಕೂತು ತೀರ್ಮಾನಿಸಬೇಕಾದ ಜನ ನಿಮ್ಮ ಮನೆಯಲ್ಲೇ ಇದ್ದಾರೆ, ಅವರಿಗೆ ಸುದ್ದಿಯೇ ಮುಟ್ಟಿಲ್ಲ. 'ಸ್ವಲ್ಪ ಸವೆದಿದೆಯಂತೆ' ಎಂದರೆ ಅವರಾದರೂ ಏನು ಮಾಡಿಯಾರು?

ಮುಚ್ಚಿಟ್ಟದ್ದರಿಂದ ನನಗೇನಾಯಿತು ಹೇಳುತ್ತೇನೆ. ಮೂರು ವರ್ಷ ಕುಂಟಿದೆ. ನೋವಿನ ಕಾಲಿಗೆ ಕೆಲಸವಿಲ್ಲದೆ ಆ ತೊಡೆ ಬಡವಾಯಿತು, ಸೀರೆ ಉಡುವಾಗ ನನಗೇ ಗೊತ್ತಾಗುತ್ತಿತ್ತು. ಭಾರವೆಲ್ಲ ಇನ್ನೊಂದು ಕಾಲಿಗೆ ಬಿದ್ದು ಆ ಮಂಡಿ ಕೆಟ್ಟಿತು, ಬೆನ್ನೂ ಹಿಡಿಯಿತು. ಕೀಲು ಹೊಸದಾದರೂ ಎತ್ತಿ ಇಡಲು ತೊಡೆಯಲ್ಲಿ ಬಲವಿಲ್ಲ. ಬೇರೆಯವರು ಎರಡು ತಿಂಗಳಲ್ಲಿ ಬಿಟ್ಟ ಕೋಲನ್ನು ನಾನು ಐದು ತಿಂಗಳು ಹಿಡಿದೆ.

ಮೆಡಿಕಲ್ ಶಾಪಿನ ನೋವಿನ ಮಾತ್ರೆ ದಿನಾ ನುಂಗುತ್ತಿದ್ದರೆ ಡಾಕ್ಟರಿಗೆ ಹೇಳಿ. ಹೊಟ್ಟೆ, ಕಿಡ್ನಿ, ಬಿಪಿ ಮೂರಕ್ಕೂ ಪೆಟ್ಟು ಅದು. ಸೊಂಟಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿದ್ದರೆ ಅದನ್ನೂ ಹೇಳಿ. ಹಾಕಿಸಿದ ಹೊಸದರಲ್ಲೇ ಆಪರೇಷನ್ ಮಾಡಿದರೆ ಸೋಂಕಿನ ಭಯ ಜಾಸ್ತಿ. ಹುಳುಕು ಹಲ್ಲು, ಮಳೆಗಾಲದಲ್ಲಿ ಜಿಗಣೆ ಕಚ್ಚಿದ್ದನ್ನು ಕೆರೆದು ಮಾಡಿಕೊಂಡ ಗಾಯ, ಇವೆಲ್ಲ ಮೊದಲೇ ವಾಸಿಯಾಗಬೇಕು. ಒಂದು ಕೀವುಗುಳ್ಳೆ ಇದ್ದರೂ ತಾರೀಖು ಮುಂದೆ ಹೋಗುತ್ತೆ.

ಇನ್ನು ಮನೆ. ನಮ್ಮ ಹಳೇ ಮನೆಗಳನ್ನು ಕಟ್ಟಿದವರಿಗೆ ಸೊಂಟವೇ ಇರಲಿಲ್ಲವೋ ಏನೋ. ಎಲ್ಲವೂ ಒಂದೋ ತೀರಾ ಎತ್ತರ, ಇಲ್ಲ ತೀರಾ ತಗ್ಗು. ಹೊಸಿಲು ಮೊಣಕಾಲಿಗೆ ಬರುತ್ತೆ, ಬಚ್ಚಲಲ್ಲಿ ಗೇಣೆತ್ತರದ ಮಣೆ, ಕಕ್ಕಸು ಹೊರಗೆ. ನನ್ನನ್ನು ಮನೆಗೆ ಕಳಿಸಿದ ಆಸ್ಪತ್ರೆಯವರು ಔಷಧಿ ಚೀಟಿ ಕೊಟ್ಟರು, ಬಿಲ್ ಕೊಟ್ಟರು, ಕಮೋಡ್ ಎಷ್ಟು ಎತ್ತರ ಇರಬೇಕು ಅಂತ ಒಬ್ಬರೂ ಹೇಳಲಿಲ್ಲ. ನಮ್ಮ ಮನೆಯ ಕಮೋಡ್ ತಗ್ಗು. ಆ ರಾತ್ರಿ ಕೂರಲೂ ಆಗದೆ, ನಿಲ್ಲಲೂ ಆಗದೆ, ಯಜಮಾನರ ಹೆಗಲು ಹಿಡಿದು ಅತ್ತುಬಿಟ್ಟೆ. ಬೆಳಿಗ್ಗೆ ಅವರು ಮಡಿಕೇರಿಗೆ ಹೋಗಿ ಕಮೋಡಿನ ಮೇಲೆ ಇಡುವ ಎತ್ತರದ ಪ್ಲಾಸ್ಟಿಕ್ ಸೀಟು ತಂದರು. ನೀವು ಇದನ್ನು ಅಕ್ಟೋಬರ್‌ನಲ್ಲೇ ಮಾಡಿಸಿ.

ಕೂರುವ ಜಾಗ ಯಾವುದೇ ಇರಲಿ, ಮಂಡಿಗಿಂತ ಎತ್ತರ ಇರಬೇಕು. ಬಚ್ಚಲಿಗೆ ಗಟ್ಟಿ ಪ್ಲಾಸ್ಟಿಕ್ ಕುರ್ಚಿ, ಗೋಡೆಗೆ ಹಿಡಿ. ಮೊದಲ ವಾರಗಳಲ್ಲಿ ನೆಲಕ್ಕೆ ಕೂರುವುದು, ಕಾಲ ಮೇಲೆ ಕಾಲು ಹಾಕುವುದು, ಬಗ್ಗಿ ಕೆಳಗಿನದ್ದು ಎತ್ತುವುದು ಸಾಮಾನ್ಯವಾಗಿ ಬೇಡ ಅನ್ನುತ್ತಾರೆ. ಸೊಂಟದ ಹಿಂಭಾಗದಿಂದ ಕೊಯ್ದಿದ್ದರೆ ಈ ಕಟ್ಟುಪಾಡು ಜಾಸ್ತಿ, ನಿಮ್ಮ ಡಾಕ್ಟರು ಹೇಳಿದ್ದೇ ಅಂತಿಮ. ಮೆಟ್ಟಿಲಿಗೆ ಫಿಸಿಯೋ ಹುಡುಗಿ ಹೇಳಿಕೊಟ್ಟ ಪಾಠ ನನಗಿನ್ನೂ ಬಾಯಿಪಾಠ: ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು.

ಆಮೇಲೆ ನಾಯಿ. ನೀವು ಬರೆದಿಲ್ಲ, ಆದರೆ ತೋಟದ ಮನೆ ಅಂದಮೇಲೆ ಎರಡಾದರೂ ಇರುತ್ತವೆ. ವಾಕರಿನ ಕಾಲುಗಳ ನಡುವೆ ನುಗ್ಗುವುದು ಅವಕ್ಕೆ ಪರಮಾನಂದ. ನೀವು ಮನೆಗೆ ಬರುವ ದಿನ ಕಟ್ಟಿಹಾಕಿಸಿ.

ದುಡ್ಡಿನ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ನೂರಕ್ಕೆ 30ರಷ್ಟು, ಮಿತಿ 1.5 ಲಕ್ಷ. ಮೊದಲು ಮಡಿಕೇರಿಯ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ರೆಫರಲ್ ಚೀಟಿ ವಿಚಾರಿಸಿ.

ಗಂಡಿನ ಕಡೆಯವರಿಗೆ ಮಗಳ ಬಾಯಲ್ಲೇ ಹೇಳಿಸಿ. 'ಅಮ್ಮನಿಗೆ ಸೊಂಟದ ಆಪರೇಷನ್, ಮದುವೆ ಹೊತ್ತಿಗೆ ಓಡಾಡಿಕೊಂಡಿರುತ್ತಾರೆ' ಅಂದರೆ ಮುಗಿಯಿತು. ಇದಕ್ಕೂ ಮೂಗು ಮುರಿಯುವ ಮನೆಯಾದರೆ ಅದು ನವೆಂಬರ್‌ನಲ್ಲೇ ತಿಳಿಯುವುದು ಒಳ್ಳೆಯದಲ್ವಾ? ಆಪರೇಷನ್ ಮುಂದೂಡಿದರೆ ಏನಾಗುತ್ತೆ ಅಂತಲೂ ಯೋಚಿಸಿ. ಮಗಳು ಮುಕ್ಕಾಲಿಯ ಮೇಲೆ ಕೂತಿರುತ್ತಾಳೆ, ಅದೋ ತಗ್ಗಿನ ಪೀಠ. ಅವಳ ಮಂಡಿಗೆ ಅಕ್ಕಿ ಹಾಕಿ, ಹೆಗಲಿಗೆ ಹಾಕಿ, ತಲೆಗೆ ಹಾಕಿ, ಮೂತಿ ಇರುವ ಚೊಂಬು, ಅಂದರೆ ಕಿಂಡಿಯಿಂದ ಹಾಲು ಕುಡಿಸಬೇಕು. ಈಗಿನ ಸೊಂಟದಲ್ಲಿ ಅವಳ ಮಂಡಿವರೆಗೆ ನಿಮ್ಮ ಕೈ ಹೋಗುತ್ತಾ? ಹೋದರೂ ಫೋಟೋದಲ್ಲಿ ನಿಮ್ಮ ಮುಖ ಹೇಗೆ ಬರುತ್ತೆ?

ದೊಡ್ಡಪ್ಪನಿಗೆ ಫೋನ್ ಮಾಡಿ, ಅವತ್ತು ಬಗ್ಗಲಿಲ್ಲ ಯಾಕೆ ಅಂತ ಒಂದೇ ಸಾಲಿನಲ್ಲಿ ಹೇಳಿ. ಹಿರಿಯರು, ಗೊತ್ತಿಲ್ಲದೆ ಅಂದಿದ್ದಾರೆ. ಗೊತ್ತಾಗದಂತೆ ನೋಡಿಕೊಂಡವರು ನೀವೇ ತಾನೆ.

ಇವತ್ತು ರಾತ್ರಿ ಊಟ ಆದಮೇಲೆ ಯಜಮಾನರನ್ನು ಕೂರಿಸಿ ಆ ಎಕ್ಸ್‌ರೇ ಕೈಗೆ ಕೊಡಿ. ನಿಮ್ಮ ಎಡ ಸೊಂಟದಲ್ಲಿ ಗುಂಡು, ಬಟ್ಟಲಿನ ನಡುವೆ ಕಪ್ಪು ಗೆರೆ ಕಾಣುತ್ತೆ, ಬಲ ಸೊಂಟದಲ್ಲಿ ಕಾಣಲ್ಲ. ಅದನ್ನು ತೋರಿಸಿ. ಆಮೇಲೆ ನೈಲ್ ಕಟರ್ ಅವರ ಕೈಗೆ ಕೊಡಿ. ಆ ಹುಡುಗಿಗೂ ಒಂದು ರಜೆ ಸಿಗಲಿ.

ವಾಲಗದ ವಿಷಯ ಮರೆತಿಲ್ಲ. ಆರು ತಿಂಗಳಾಗಿರುತ್ತೆ, ಡಾಕ್ಟರನ್ನು ಕೇಳಿಕೊಂಡು ಕುಣಿಯಿರಿ. ನಿಂತಲ್ಲೇ ಮೆಲ್ಲಗೆ ಹೆಜ್ಜೆ ಹಾಕಿ. ನೆಗೆಯುವುದು, ಒಂಟಿ ಕಾಲಲ್ಲಿ ಗಿರಕಿ ಹೊಡೆಯುವುದು ಬೇಡ. ನಾಲ್ಕು ಪೆಗ್ ಆದಮೇಲೆ ಕೈ ಹಿಡಿದು ನಡುವಿಗೆ ಎಳೆಯುವ ಒಬ್ಬ ಭಾವ ಎಲ್ಲ ಮದುವೆಯಲ್ಲೂ ಇರುತ್ತಾನೆ, ಅವನಿಗೆ ಮಾತ್ರ ಬೆಳಿಗ್ಗೆಯೇ ಹೇಳಿಡಿ.