ಹಳೆಯ ಲ್ಯಾಪ್‌ಟಾಪಿಗೆ ವಿಂಡೋಸ್ ಸಾಕೇ, ಲಿನಕ್ಸ್ ಬೇಕೇ: ಹೊಳಲ್ಕೆರೆಯ ಸದಸ್ಯರ ಪ್ರಶ್ನೆಗೆ ಉತ್ತರ

ಹೊಳಲ್ಕೆರೆಯ ಅಡಿಕೆ ಬೆಳೆಗಾರರಾದ ಸದಸ್ಯರೊಬ್ಬರು ಕೇಳಿರುವ ಪ್ರಶ್ನೆ ಗುಂಪಿನ ಹಲವರಿಗೂ ಸಂಬಂಧಿಸಿದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. 2016ರಲ್ಲಿ ಕೊಂಡ, ಆರನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್ ಮತ್ತು ಹಾರ್ಡ್ ಡಿಸ್ಕ್ ಇರುವ ಲ್ಯಾಪ್‌ಟಾಪು ಅವರದು. ಅದರಲ್ಲಿ ವಿಂಡೋಸ್ 10 ಇದೆ. ಪಹಣಿ, ಬ್ಯಾಂಕು, ನುಡಿ ಎಂಬ ಕನ್ನಡ ಬರಹದ ತಂತ್ರಾಂಶದಲ್ಲಿ ಅರ್ಜಿ ಬರೆಯುವುದು ಮತ್ತು ಎಂಜಿನಿಯರಿಂಗ್ ಓದುವ ಮಗಳ ಅಭ್ಯಾಸ ಇವಿಷ್ಟು ಅವರ ಬಳಕೆ. ಅಂಗಡಿಯವರು ಹೊಸದನ್ನೇ ಕೊಳ್ಳಿ ಎನ್ನುತ್ತಿದ್ದಾರೆ, ಮಗಳು ವಿಂಡೋಸಿನ ಬದಲು ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ (ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ) ಹಾಕೋಣ ಎನ್ನುತ್ತಿದ್ದಾಳೆ. ದಿನನಿತ್ಯದ ಬಳಕೆಗೆ ಇದರಿಂದ ನಿಜವಾಗಿ ವ್ಯತ್ಯಾಸವಾಗುತ್ತದೆಯೇ ಎಂಬುದು ಅವರ ಸಂದೇಹ.

ಅಂಗಡಿಯವರ ಮಾತಿನಲ್ಲಿ ಅರ್ಧ ನಿಜವಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಕೂರಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಮತ್ತು ಬಹುಮಟ್ಟಿಗೆ ಎಂಟನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಇಂಟೆಲ್ ಪ್ರೊಸೆಸರ್ ಬೇಕಾಗುವುದರಿಂದ ನಿಮ್ಮ ಯಂತ್ರ ಆ ಪಟ್ಟಿಗೆ ಸೇರುವುದಿಲ್ಲ. ಆದರೆ ಮನೆಬಳಕೆಯವರಿಗಾಗಿ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟುಗಳನ್ನು ಮುಂದುವರಿಸುವ ಒಂದು ಯೋಜನೆಯೂ ಇದೆ. ಬೆಂಬಲ ನಿಂತ ಮಾತ್ರಕ್ಕೆ ಯಂತ್ರವನ್ನು ಗುಜರಿಗೆ ಹಾಕಬೇಕಾಗಿಲ್ಲ. ನಿಯಮಗಳನ್ನು ತಪ್ಪಿಸಿ ಅದರಲ್ಲೇ ವಿಂಡೋಸ್ 11 ಹಾಕಿಕೊಡುತ್ತೇವೆ ಎನ್ನುವವರೂ ಸಿಗುತ್ತಾರೆ. ಬ್ಯಾಂಕಿನ ಕೆಲಸ ಮಾಡುವ ಯಂತ್ರಕ್ಕೆ ನಾನು ಅದನ್ನು ಒಪ್ಪುವುದಿಲ್ಲ.

ಇನ್ನು ಮುಖ್ಯ ವಿಷಯ. ನಿಮ್ಮ ಕೆಲಸದ ಬಹುಪಾಲು ಬ್ರೌಸರಿನೊಳಗೇ ನಡೆಯುತ್ತದೆ. ಭೂಮಿ ತಾಣದಲ್ಲಿ ಪಹಣಿ ನೋಡುವುದಾಗಲಿ, ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕುವುದಾಗಲಿ, ಬ್ಯಾಂಕಿನ ತಾಣ ತೆರೆಯುವುದಾಗಲಿ, ಕ್ರೋಮ್ ಅಥವಾ ಫೈರ್‌ಫಾಕ್ಸ್ ಇದ್ದರೆ ಕೆಳಗಿರುವುದು ವಿಂಡೋಸೋ ಲಿನಕ್ಸೋ ಎಂಬುದು ಗೊತ್ತೂ ಆಗುವುದಿಲ್ಲ. ಒಂದು ಕಾಲದಲ್ಲಿ ಅನೇಕ ಸರ್ಕಾರಿ ತಾಣಗಳು ಇಂಟರ್ನೆಟ್ ಎಕ್ಸ್‌ಪ್ಲೋರರ್ ಇಲ್ಲದೆ ತೆರೆಯುತ್ತಲೇ ಇರಲಿಲ್ಲ. ಆ ಬ್ರೌಸರನ್ನೇ 2022ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ನಿಲ್ಲಿಸಿತು. ಮಗಳ ಸಿ ಮತ್ತು ಪೈಥಾನ್ ಅಭ್ಯಾಸಕ್ಕಂತೂ ಲಿನಕ್ಸ್ ಹೆಚ್ಚು ಅನುಕೂಲ.

ವ್ಯತ್ಯಾಸ ತಲೆದೋರುವುದು ಬ್ರೌಸರಿನ ಹೊರಗಿರುವ ಒಂದೆರಡು ಸಂಗತಿಗಳಲ್ಲಿ, ಮತ್ತು ನಿರ್ಧಾರವೂ ಅವುಗಳ ಮೇಲೆಯೇ ನಿಲ್ಲಬೇಕು. ನಿಮ್ಮ ಮಟ್ಟಿಗೆ ಮೊದಲನೆಯದು ನುಡಿ. ಕನ್ನಡ ಗಣಕ ಪರಿಷತ್ತು ರೂಪಿಸಿದ ಈ ತಂತ್ರಾಂಶ ವಿಂಡೋಸ್‌ಗಾಗಿಯೇ ಮಾಡಿದ್ದು ಎಂಬುದು ನಿಜ. ಆದರೆ ಹಳೆಯ ನುಡಿ ಕಡತಗಳ ತೊಂದರೆ ಆಪರೇಟಿಂಗ್ ಸಿಸ್ಟಮ್ಮಿನದಲ್ಲ: ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆ ಕನ್ನಡ ಅಕ್ಷರಗಳ ತುಣುಕುಗಳನ್ನು ಕೂರಿಸಿರುತ್ತವೆಯಾದ್ದರಿಂದ, ಫಾಂಟು ಇಲ್ಲದ ಯಾವುದೇ ಯಂತ್ರದಲ್ಲಿ, ಅದು ವಿಂಡೋಸ್ ಆಗಿದ್ದರೂ ಸಹ, ಅರ್ಜಿಯು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಅದೇ ಫಾಂಟ್ ಕಡತಗಳನ್ನು (ಹೆಸರಿನ ಕೊನೆಯಲ್ಲಿ .ttf ಇರುವವು) ಲಿನಕ್ಸಿಗೆ ಹಾಕಿಕೊಂಡರೆ ಲಿಬ್ರೆ ಆಫೀಸ್ ಎಂಬ ಉಚಿತ ಬರಹ ತಂತ್ರಾಂಶದಲ್ಲಿ ಹಳೆಯ ಅರ್ಜಿಗಳು ಓದಲು ಬರುತ್ತವೆ, ಪುಟದ ಅಂಚು ಮತ್ತು ಸಾಲುಗಳು ಅಲ್ಲಲ್ಲಿ ಸರಿಯಬಹುದು ಅಷ್ಟೆ. ಹೊಸದಾಗಿ ಬರೆಯುವುದನ್ನು, ಯಾವ ಯಂತ್ರದಲ್ಲಾದರೂ ಓದಲು ಬರುವ ಅಕ್ಷರ ಸಂಕೇತವಾದ ಯೂನಿಕೋಡಿನಲ್ಲೇ ಬರೆಯಿರಿ. ಲಿನಕ್ಸಿನಲ್ಲಿ ನುಡಿಯದೇ ಆದ ಕಗಪ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ವಿನ್ಯಾಸ ಸಿಗುತ್ತದೆ, ಆದ್ದರಿಂದ ನುಡಿಯಲ್ಲಿ ಪಳಗಿದ ಬೆರಳುಗಳು ಹೊಸದಾಗಿ ಕಲಿಯಬೇಕಾದದ್ದು ಬಹಳ ಕಡಿಮೆ. ಲೋಹಿತ್, ಗುಬ್ಬಿ, ನವಿಲು ಮೊದಲಾದ ಯೂನಿಕೋಡ್ ಫಾಂಟುಗಳೂ ಉಚಿತವಾಗಿ ದೊರೆಯುತ್ತವೆ.

ಎರಡನೆಯದು ಪ್ರಿಂಟರು. ಇದನ್ನು ಯಾರೂ ಮೊದಲು ನೋಡುವುದಿಲ್ಲ, ಆಮೇಲೆ ಪರದಾಡುತ್ತಾರೆ. ಎಚ್‌ಪಿಯ ಬಹಳಷ್ಟು ಮಾದರಿಗಳು ಲಿನಕ್ಸಿನಲ್ಲಿ ಸುಲಭವಾಗಿ ನಡೆಯುತ್ತವೆ. ನಮ್ಮ ಕಡೆಯ ಜೆರಾಕ್ಸ್ ಅಂಗಡಿಗಳಲ್ಲಿ ಸಾಮಾನ್ಯವಾಗಿ ಕಾಣುವ ಕ್ಯಾನನ್ ಎಲ್‌ಬಿಪಿ 2900 ಮಾದರಿಗೆ ಪ್ರತ್ಯೇಕ ಡ್ರೈವರ್ (ಪ್ರಿಂಟರನ್ನು ನಡೆಸುವ ತಂತ್ರಾಂಶ) ಬೇಕು, ಮತ್ತು ಅದನ್ನು ಲಿನಕ್ಸಿನಲ್ಲಿ ಕೂರಿಸುವುದು ತಾಳ್ಮೆ ಬೇಡುವ ಕೆಲಸ.

ಗುಂಪಿನ ಇತರರಿಗೆ ಒಂದು ಮಾತು. ನಿಮ್ಮ ರೈತ ಉತ್ಪಾದಕ ಕಂಪನಿಯ ಅಥವಾ ಹಾಲಿನ ಸಂಘದ ಲೆಕ್ಕ ಟ್ಯಾಲಿ ತಂತ್ರಾಂಶದಲ್ಲಿದ್ದರೆ ವಿಂಡೋಸ್ ಬಿಡಬೇಡಿ, ಅದು ವಿಂಡೋಸ್‌ಗಾಗಿಯೇ ಮಾಡಿದ್ದು. ಬೆರಳಚ್ಚಿನ ಸಾಧನ, ಡಿಜಿಟಲ್ ಸಹಿಯ ಟೋಕನ್ ಬಳಸುವವರೂ ಅಷ್ಟೆ.

ವೇಗದ ವಿಚಾರದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಯಂತ್ರ ತೆರೆದುಕೊಳ್ಳಲು ತಡವಾಗುತ್ತಿರುವುದಕ್ಕೆ ಹೆಚ್ಚಿನ ಕಾರಣ ಆ ಹಳೆಯ, ತಿರುಗುವ ಹಾರ್ಡ್ ಡಿಸ್ಕು. ಅದನ್ನು ಹಾಗೆಯೇ ಇಟ್ಟುಕೊಂಡು ಆಪರೇಟಿಂಗ್ ಸಿಸ್ಟಮ್ ಮಾತ್ರ ಬದಲಿಸುವುದು ಬೋರಿನಲ್ಲಿ ನೀರಿಲ್ಲದಾಗ ಮೋಟಾರು ಬದಲಿಸಿದ ಹಾಗೆ. ಅದರ ಜಾಗಕ್ಕೆ 256 ಜಿಬಿಯ ಒಂದು ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕು), ಸಾಧ್ಯವಾದರೆ ಇನ್ನೊಂದು 4 ಜಿಬಿ ರ‍್ಯಾಮ್ ಹಾಕಿಸಿದರೆ ಯಾವುದೇ ಸಿಸ್ಟಮ್ ಇದ್ದರೂ ಯಂತ್ರ ಚುರುಕಾಗುತ್ತದೆ. ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ಈ ಕೆಲಸ ಮಾಡಿಕೊಡುವ ರಿಪೇರಿ ಅಂಗಡಿ ಹುಡುಕುವುದು ಕಷ್ಟವಲ್ಲ.

ಹಳ್ಳಿಯಲ್ಲಿರುವವರಿಗೆ ಲಿನಕ್ಸಿನ ಇನ್ನೂ ಎರಡು ಅನುಕೂಲಗಳು ಲೆಕ್ಕಕ್ಕೆ ಬರುತ್ತವೆ. ಮೊಬೈಲ್ ಹಾಟ್‌ಸ್ಪಾಟಿನಿಂದ ನೆಟ್ ಬಳಸುವಾಗ ವಿಂಡೋಸ್ ತಾನಾಗಿಯೇ ಅಪ್‌ಡೇಟ್ ಇಳಿಸಿಕೊಂಡು ದಿನದ ಡೇಟಾ ಮುಗಿಸಬಹುದು. ಸೆಟ್ಟಿಂಗ್ಸಿನಲ್ಲಿ ಆ ಸಂಪರ್ಕವನ್ನು ಮೀಟರ್ಡ್ (ಮಿತಿಯಿರುವ ಡೇಟಾ) ಎಂದು ಗುರುತು ಮಾಡಿದರೆ ಇದು ಬಹುಮಟ್ಟಿಗೆ ನಿಲ್ಲುತ್ತದೆ, ಲಿನಕ್ಸಿನ ಒಂದು ಬಗೆಯಾದ ಲಿನಕ್ಸ್ ಮಿಂಟ್ ಸಾಮಾನ್ಯವಾಗಿ ನೀವು ಹೇಳಿದ ಮೇಲೆಯೇ ಇಳಿಸಿಕೊಳ್ಳುತ್ತದೆ. ಸೈಬರ್ ಅಂಗಡಿಯಿಂದ ಪೆನ್‌ಡ್ರೈವಿನಲ್ಲಿ ಅಂಟಿ ಬರುವ, ಕಡತಗಳನ್ನೆಲ್ಲ ಶಾರ್ಟ್‌ಕಟ್ ಮಾಡಿಬಿಡುವ ವೈರಸ್ಸು ವಿಂಡೋಸ್‌ಗಾಗಿ ಬರೆದದ್ದು, ಲಿನಕ್ಸಿನಲ್ಲಿ ಅದು ಓಡುವುದಿಲ್ಲ. ಹಾಗೆಂದು ಒಟಿಪಿ ಕೇಳಿ ಹಣ ಕಸಿಯುವವರಿಂದ ಯಾವ ಸಿಸ್ಟಮ್ಮೂ ಕಾಪಾಡುವುದಿಲ್ಲ.

ಹಾಗಾಗಿ ನಿಮಗೆ ನನ್ನ ಸಲಹೆ ಲಿನಕ್ಸ್ ಮಿಂಟ್ 22. ಅದಕ್ಕೆ 2029ರವರೆಗೆ ಬೆಂಬಲವಿದೆ, ನೋಟವೂ ವಿಂಡೋಸಿಗೆ ಹತ್ತಿರ. ಆದರೆ ತಕ್ಷಣ ಹಾಕಬೇಡಿ. 8 ಜಿಬಿಯ ಪೆನ್‌ಡ್ರೈವಿಗೆ ಅದನ್ನು ಬರೆದು, ಹಾರ್ಡ್ ಡಿಸ್ಕನ್ನು ಮುಟ್ಟದೆ ಪೆನ್‌ಡ್ರೈವಿನಿಂದಲೇ ಚಾಲೂ ಮಾಡಿ, ವೈಫೈ, ಧ್ವನಿ, ಕ್ಯಾಮೆರಾ ಮತ್ತು ಪ್ರಿಂಟರ್ ಪರೀಕ್ಷಿಸಿರಿ. ಇದನ್ನು ನಿಮ್ಮ ಮಗಳೇ ಮಾಡಬಲ್ಲಳು. ಎಲ್ಲವೂ ಸರಿಯಿದ್ದರೆ ಫೋಟೋ, ಕಾಗದಪತ್ರ ಮತ್ತು ನುಡಿ ಫಾಂಟುಗಳನ್ನು ಬೇರೆಡೆಗೆ ನಕಲು ಮಾಡಿಕೊಂಡು, ಹೊಸ ಎಸ್‌ಎಸ್‌ಡಿಯಲ್ಲಿ ಮಿಂಟ್ ಹಾಕಿರಿ. ಹಳೆಯ ಡಿಸ್ಕನ್ನು ವಿಂಡೋಸ್ ಸಮೇತ ಕೆಲವು ತಿಂಗಳು ಹಾಗೆಯೇ ಎತ್ತಿಡಿ. ಪ್ರಿಂಟರಿನ ಮಾದರಿ ಸಂಖ್ಯೆಯನ್ನು ಇಲ್ಲಿ ಬರೆದರೆ ಅದು ಲಿನಕ್ಸಿನಲ್ಲಿ ನಡೆಯುತ್ತದೆಯೇ ಎಂದು ನೋಡಿ ತಿಳಿಸುತ್ತೇನೆ.